ಟೀಮ್‌ಮೇಟ್ ಎರಡನೆಯವರು, ನಮ್ಮ ಹುಡುಗ ಐದನೆಯವನು: ರ್ಯಾಲಿ ಸೀಸನ್ನನ್ನು ಅಳೆಯುವುದು ಹೇಗೆ?

ಪ್ರಶ್ನೆ: ಸರ್, ನನ್ನ ಅಕ್ಕನ ಮಗ ಈ ಸಲ ರಾಷ್ಟ್ರೀಯ ರ್ಯಾಲಿ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸೀಸನ್ ಓಡಿಸಿದ. ಪೋಲೋ ಕಾರು. ಅವನಿಗೂ ಇನ್ನೊಬ್ಬ ಚಾಲಕರಿಗೂ ಒಂದೇ ಟೀಮು ಕಾರು ರೆಡಿ ಮಾಡಿಕೊಟ್ಟಿತ್ತು. ಆ ಇನ್ನೊಬ್ಬರು ಕ್ಲಾಸ್‌ನಲ್ಲಿ, ಅಂದರೆ ಒಂದೇ ದರ್ಜೆಯ ಕಾರುಗಳ ಗುಂಪಿನಲ್ಲಿ, ಎರಡನೆಯವರಾದರು, ನಮ್ಮವನು ಐದನೆಯವನು. ಎರಡು ರ್ಯಾಲಿ ಅರ್ಧಕ್ಕೇ ನಿಂತವು. ಒಂದರಲ್ಲಿ ಗೇರ್‌ಬಾಕ್ಸ್ ಹೋಯಿತು, ಇನ್ನೊಂದರಲ್ಲಿ ಕಾರು ಚರಂಡಿಗೆ ಬಿತ್ತು. ಭಾವ, ‘ಕಾಫಿಗೆ ರೇಟಿದೆ ಅಂತ ಇಷ್ಟು ಸುರಿದಿದ್ದಾಯಿತು. ಗದ್ದೆ ಆಟೋಕ್ರಾಸ್‌ನಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದವನು ಇಲ್ಲಿ ಐದನೆಯವನು. ಸಾಕು’ ಅನ್ನುತ್ತಾರೆ. ಅಕ್ಕ, ‘ಪಾಪ, ಅವನ ಗ್ರಹಚಾರ ಸರಿಯಿರಲಿಲ್ಲ’ ಅನ್ನುತ್ತಾಳೆ. ಸ್ಟೇಜ್ (ಗಡಿಯಾರ ಹಿಡಿದು ಓಡಿಸುವ ರಸ್ತೆಯ ತುಂಡು) ಟೈಮಿಂಗ್ ಹಾಳೆಗಳನ್ನು ಜೊತೆಗಿಟ್ಟಿದ್ದೇನೆ. ಯಾರ ಮಾತು ಸರಿ?
– ಒಬ್ಬ ಓದುಗ, ಗೋಣಿಕೊಪ್ಪಲು

ಉತ್ತರ:

ನಿಮ್ಮ ಭಾವ ನೋಡಬಾರದ ಪಟ್ಟಿಯನ್ನು ನೋಡುತ್ತಿದ್ದಾರೆ. ಅಕ್ಕ ಯಾವ ಪಟ್ಟಿಯನ್ನೂ ನೋಡುತ್ತಿಲ್ಲ. ನೀವು ಟೈಮಿಂಗ್ ಹಾಳೆ ಕಳಿಸಿದ್ದರಿಂದ ಬಚಾವಾದೆ. ಹಾಳೆಯಿಲ್ಲದೆ ‘ನಮ್ಮ ಹುಡುಗ ಹೇಗೆ ಓಡಿಸಿದ’ ಎಂದು ಕೇಳುವವರಿಗೆ ಹೇಳಲು ನನ್ನ ಬಳಿ ಏನೂ ಇರುವುದಿಲ್ಲ.

ಕೊಡಗಿನಲ್ಲಿ ಆಟ ಎಂದರೆ ಮೊದಲು ಹಾಕಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡುತ್ತಾ ಬೆಳೆದವರಿಗೆ, ಸ್ಕೋರು ನೋಡಿದರೆ ಆಟ ಅರ್ಥವಾಯಿತು ಎಂಬ ಅಭ್ಯಾಸವಿದೆ. ಹಾಕಿಯಲ್ಲಿ ಅದು ಬಹುಮಟ್ಟಿಗೆ ನಡೆಯುತ್ತದೆ. ಎದುರಾಳಿ ಕಣ್ಣೆದುರೇ ಇರುತ್ತಾನೆ, ಮೈದಾನ ಇಬ್ಬರಿಗೂ ಒಂದೇ. ರ್ಯಾಲಿಯಲ್ಲಿ ಎದುರಾಳಿ ಕಾಣಿಸುವುದೇ ಇಲ್ಲ. ಅವನು ಒಂದೆರಡು ನಿಮಿಷ ಮುಂಚೆ ಹೊರಟಿರುತ್ತಾನೆ, ನಿಮ್ಮವನು ಹೋಗುವ ಹೊತ್ತಿಗೆ ಅದೇ ರಸ್ತೆ ಬೇರೆ ರಸ್ತೆಯಾಗಿರುತ್ತದೆ. ಸೀಸನ್ ಮುಗಿದ ಮೇಲೆ ಬರುವ ಪಾಯಿಂಟ್ಸ್ ಪಟ್ಟಿ ಇದನ್ನೆಲ್ಲ ನುಂಗಿ ಒಂದೇ ಒಂದು ಅಂಕಿ ಕೊಡುತ್ತದೆ.

ವಿಶ್ವ ರ್ಯಾಲಿ ಚಾಂಪಿಯನ್‌ಶಿಪ್‌ನ 2024ರ ಸೀಸನ್ ತೆಗೆದುಕೊಳ್ಳಿ. ಚಾಂಪಿಯನ್ ಆದ ಥಿಯರಿ ನ್ಯೂವಿಲ್ ಗೆದ್ದದ್ದು ಎರಡು ರ್ಯಾಲಿ, ಮಾಂಟೆ ಕಾರ್ಲೊ ಮತ್ತು ಅಕ್ರೊಪೊಲಿಸ್. ಅದೇ ಹ್ಯುಂಡೈ ಟೀಮಿನ ಒಟ್ಟ್ ಟನಾಕ್ ಕೂಡ ಎರಡು ಗೆದ್ದರು. ಟೊಯೋಟಾದ ಕಲ್ಲೆ ರೊವನ್‌ಪೆರಾ ಪೂರ್ತಿ ಸೀಸನ್ ಓಡಿಸದೆಯೇ ನಾಲ್ಕು ಗೆದ್ದರು. ಕೊನೆಯ ರ್ಯಾಲಿ ಜಪಾನ್‌ನಲ್ಲಿ ಟನಾಕ್ ಭಾನುವಾರ ಬೆಳಿಗ್ಗೆಯವರೆಗೂ ಮುಂದಿದ್ದರು, ಆಮೇಲೆ ರಸ್ತೆ ಬಿಟ್ಟರು. ಪ್ರಶಸ್ತಿ ಯಾರದ್ದೆಂಬುದು ಅಲ್ಲಿಗೆ ತೀರ್ಮಾನವಾಯಿತು. ವರ್ಷದಲ್ಲಿ ಅತಿ ವೇಗಿ ಯಾರು ಎಂದು ಕೇಳಿದರೆ ನಾನು ರೊವನ್‌ಪೆರಾ ಹೆಸರು ಹೇಳುತ್ತೇನೆ. ಅತಿ ಒಳ್ಳೆಯ ಸೀಸನ್ ಯಾರದ್ದು ಎಂದರೆ ನ್ಯೂವಿಲ್. ಎರಡೂ ಬೇರೆ ಬೇರೆ ಪ್ರಶ್ನೆ. ನಿಮ್ಮ ಭಾವ ಕೇಳಬೇಕಾದದ್ದು ಮೊದಲನೆಯದನ್ನು, ಏಕೆಂದರೆ ಎರಡನೇ ವರ್ಷದ ಹುಡುಗನಿಗೆ ಮುಂದೆ ದುಡ್ಡು ಹಾಕಬೇಕೋ ಬೇಡವೋ ಎಂಬುದು ವೇಗದ ಮೇಲೆ ನಿಂತಿದೆ. ರ್ಯಾಲಿ ಮುಗಿಸುವುದನ್ನು ಕಲಿಸಬಹುದು. ಇಲ್ಲದ ವೇಗವನ್ನು ಕಲಿಸಿಕೊಡುವುದು ಬಲು ಕಷ್ಟ.

ವೇಗ ನೋಡುವುದಕ್ಕೆ ನಾವೆಲ್ಲ ಬಳಸುವ ಲೆಕ್ಕ ಕಿಲೋಮೀಟರಿಗೆ ಎಷ್ಟು ಸೆಕೆಂಡ್ ಎಂಬುದು. ಸ್ಟೇಜಿನ ಉದ್ದ 12 ಕಿ.ಮೀ., ಟೀಮ್‌ಮೇಟ್‌ಗಿಂತ 6 ಸೆಕೆಂಡ್ ತಡವಾದರೆ ಕಿಲೋಮೀಟರಿಗೆ ಅರ್ಧ ಸೆಕೆಂಡ್. ಸ್ಪರ್ಧೆಯ ದೂರ ಒಟ್ಟು 100 ಕಿ.ಮೀ. ಇದ್ದರೆ ಅದು 50 ಸೆಕೆಂಡ್ ಆಗುತ್ತದೆ, ಕ್ಲಾಸ್ ಫಲಿತಾಂಶದಲ್ಲಿ ಎರಡು ಮೂರು ಸ್ಥಾನ ಆಚೀಚೆ ಮಾಡಲು ಅಷ್ಟು ಸಾಕು. ಒಂದೇ ಥರದ ಕಾರಿನಲ್ಲಿ 0.3ರೊಳಗಿದ್ದರೆ ನಾನು ಇಬ್ಬರನ್ನೂ ಸಮ ಎಂದೇ ಇಡುತ್ತೇನೆ. ಒಂದು ಸೆಕೆಂಡಿನ ಹತ್ತಿರ ಹೋದರೆ ಇಬ್ಬರೂ ಬೇರೆ ಬೇರೆ ಮಟ್ಟದವರು, ಅಥವಾ ಎಲ್ಲೋ ಏನೋ ಕೆಟ್ಟಿದೆ. ಇದು ನನ್ನ ಅಳತೆ, ರೂಲ್ ಬುಕ್ಕಿನದಲ್ಲ.

ಲೆಕ್ಕಕ್ಕೆ ಕೂರುವ ಮುಂಚೆ ಕಸ ತೆಗೆಯಬೇಕು. ಯಾವುದಾದರೂ ಸ್ಟೇಜನ್ನು ಮಧ್ಯದಲ್ಲೇ ನಿಲ್ಲಿಸಿ, ಹಿಂದಿನವರಿಗೆ ಅಂದಾಜಿನ ಸಮಯ ಕೊಟ್ಟಿದ್ದರೆ ಅದನ್ನು ಬಿಡಿ. ಅದು ಯಾರೂ ಓಡಿಸಿದ ಸಮಯವಲ್ಲ. ಟೈಮ್ ಕಂಟ್ರೋಲ್‌ಗೆ (ಹೇಳಿದ ಹೊತ್ತಿಗೆ ಹಾಜರಿ ಹಾಕಬೇಕಾದ ಚೌಕಿಗೆ) ತಡವಾಗಿ ಹೋದದ್ದಕ್ಕೆ ನಿಮಿಷಕ್ಕೆ 10 ಸೆಕೆಂಡ್‌ನಂತೆ ಬೀಳುವ ದಂಡವನ್ನೂ ಬೇರೆ ತೆಗೆದಿಡಿ. ಆಮೇಲೆ ಸರಾಸರಿ ತೆಗೆಯಬೇಡಿ. ಒಂದೇ ಒಂದು ಸ್ಪಿನ್‌ನಲ್ಲಿ ಹೋದ 40 ಸೆಕೆಂಡ್ ಇಡೀ ಸರಾಸರಿಯನ್ನು ಕೆಡಿಸುತ್ತದೆ. ಎಲ್ಲ ಸ್ಟೇಜಿನ ಅಂತರವನ್ನು ಸಣ್ಣದರಿಂದ ದೊಡ್ಡದಕ್ಕೆ ಬರೆದು ಸಾಲಿನ ನಟ್ಟನಡುವಿನ ಅಂಕಿ ನೋಡಿ.

ನಿಮ್ಮ ಹುಡುಗನ ಹಾಳೆಯಲ್ಲಿ ಇಷ್ಟು ಮಾಡಿದರೆ ನಡುವಿನ ಅಂಕಿ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ‘ಪರವಾಗಿಲ್ಲ’ ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಹಾಳೆಯೊಳಗೆ ಇನ್ನೊಂದು ವಿಷಯವಿದೆ. ಮನೆಯಲ್ಲಿ ಯಾರೂ ಗಮನಿಸಿದ ಹಾಗಿಲ್ಲ.

ರ್ಯಾಲಿಯಲ್ಲಿ ಒಂದೇ ಸ್ಟೇಜನ್ನು ಬಹುತೇಕ ಎರಡು ಸಲ ಓಡಿಸುತ್ತಾರೆ. 14 ಕಿ.ಮೀ.ಯ ಸ್ಟೇಜಿನಲ್ಲಿ ನಿಮ್ಮವನು ಬೆಳಿಗ್ಗೆ ಮೊದಲ ಪಾಸ್‌ನಲ್ಲಿ, ಅಂದರೆ ಮೊದಲ ಸಲದ ಓಟದಲ್ಲಿ, ಟೀಮ್‌ಮೇಟ್‌ಗಿಂತ 13 ಸೆಕೆಂಡ್ ಹಿಂದೆ ಬಿದ್ದಿದ್ದಾನೆ. ಮಧ್ಯಾಹ್ನ ಅದೇ ಸ್ಟೇಜಿನಲ್ಲಿ 5 ಸೆಕೆಂಡ್. ಕಿಲೋಮೀಟರಿಗೆ 0.93 ಇದ್ದದ್ದು 0.36ಕ್ಕೆ ಇಳಿದಿದೆ. ಅದೇ ದಿನದ 9 ಕಿ.ಮೀ. ಸ್ಟೇಜಿನಲ್ಲಿ ಮೊದಲು 8 ಸೆಕೆಂಡ್, ಆಮೇಲೆ 3. ಮುಂದಿನ ರ್ಯಾಲಿಯಲ್ಲೂ ಇದೇ ಕಥೆ. ಒಂದು ಸಲವಾದರೆ ಹೋಗಲಿ ಬಿಡಿ ಎನ್ನಬಹುದು. ಪದೇ ಪದೇ ಹೀಗಾದರೆ ಅದಕ್ಕೆ ಕಾರಣವಿದ್ದೇ ಇರುತ್ತದೆ.

ಮಧ್ಯಾಹ್ನ ಟೀಮ್‌ಮೇಟ್ ಕಾಲು ಸಡಿಲ ಬಿಟ್ಟಿದ್ದರೇ? ಅದನ್ನೂ ನೋಡಿದೆ. ಕ್ಲಾಸ್‌ನ ಉಳಿದವರು ಎರಡನೇ ಪಾಸ್‌ನಲ್ಲಿ ಎಷ್ಟು ಸುಧಾರಿಸಿದ್ದಾರೋ ಅವರೂ ಅಷ್ಟೇ ಸುಧಾರಿಸಿದ್ದಾರೆ. ಅವರು ಬಿಟ್ಟುಕೊಟ್ಟಿಲ್ಲ, ನಿಮ್ಮವನು ಹಿಡಿದಿದ್ದಾನೆ.

ಮೊದಲ ಪಾಸ್‌ನಲ್ಲಿ ಚಾಲಕನ ಕೈಯಲ್ಲಿರುವುದು ಪೇಸ್‌ನೋಟ್ಸ್, ಅಂದರೆ ತಿರುವು ತಿರುವಿಗೂ ಬರೆದಿಟ್ಟ ಟಿಪ್ಪಣಿ, ಮಾತ್ರ. ರೆಕಿಯಲ್ಲಿ, ಅಂದರೆ ಸ್ಪರ್ಧೆಗೆ ಮುಂಚೆ ರಸ್ತೆ ನೋಡಿಬರುವಾಗ, ಸಾಮಾನ್ಯವಾಗಿ ಎರಡು ಸುತ್ತು, ಅದೂ ನಿಧಾನವಾಗಿ. ಅಷ್ಟರಲ್ಲಿ ‘60 ಲೆಫ್ಟ್ 4 ಡೋಂಟ್ ಕಟ್, ಇನ್‌ಟು ರೈಟ್ 3 ಟೈಟನ್ಸ್’ (60 ಮೀಟರ್ ಆದಮೇಲೆ ಎಡ ತಿರುವು, ಒಳಗೆ ಕತ್ತರಿಸಬೇಡ, ಕೂಡಲೇ ಬಿಗಿಯಾಗುತ್ತಾ ಹೋಗುವ ಬಲ ತಿರುವು) ಎಂದು ಚಾಲಕ ಹೇಳಬೇಕು, ಪಕ್ಕದ ಸೀಟಿನ ನ್ಯಾವಿಗೇಟರ್ ಬರೆದುಕೊಳ್ಳಬೇಕು, ಸ್ಪರ್ಧೆಯ ದಿನ ಅದನ್ನು ನಂಬಿ ಕಾಣದ ತಿರುವಿಗೆ ಆಕ್ಸಿಲರೇಟರ್ ಒತ್ತಬೇಕು. ನಮ್ಮ ತೋಟದ ರಸ್ತೆಗಳಲ್ಲಿ ಎರಡೂ ಕಡೆ ಕಾಫಿ ಗಿಡ ಎದೆಯೆತ್ತರ ಇರುತ್ತದೆ, ಮೇಲೆ ಸಿಲ್ವರ್ ಮರದ ಸಾಲು. ತಿರುವಿನ ಆಚೆ ಏನಿದೆ ಎಂದು ಹೇಳಲು ನೋಟ್ಸ್ ಬಿಟ್ಟು ಬೇರೆ ಏನೂ ಇಲ್ಲ. ಇಲ್ಲಿ ಅಂಕಿ ದೊಡ್ಡದಾದಷ್ಟೂ ತಿರುವು ಸಲೀಸು; ನಿಮ್ಮವನ ನೋಟ್ಸ್‌ನಲ್ಲಿ 4 ಎಂದಿರುವ ತಿರುವು ನಿಜಕ್ಕೂ 5 ಆಗಿದ್ದರೆ, ಅವನು ಪ್ರತಿ ಸಲ ಒಂದು ಬ್ರೇಕ್ ಜಾಸ್ತಿ ಹಾಕುತ್ತಾನೆ. ಎರಡನೇ ಪಾಸ್ ಹೊತ್ತಿಗೆ ರಸ್ತೆ ನೆನಪಿರುತ್ತದೆ, ನೋಟ್ಸ್ ಮೇಲಿನ ಅವಲಂಬನೆ ಕಮ್ಮಿಯಾಗುತ್ತದೆ, ಕೈಯೊಳಗಿನ ವೇಗ ಹೊರಗೆ ಬರುತ್ತದೆ. ಹಾಗಾಗಿ ಮೊದಲ ಪಾಸ್‌ನ ಅಂತರ ನೋಟ್ಸಿನದು ಮತ್ತು ಧೈರ್ಯದ್ದು, ಎರಡನೇ ಪಾಸ್‌ನದು ಡ್ರೈವಿಂಗಿನದು. ಇದು ನೂರಕ್ಕೆ ನೂರು ನಿಜವೇನಲ್ಲ, ಆದರೆ ಹೊಸ ಚಾಲಕರ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಸುಳಿವು ನಾನು ಕಂಡಿಲ್ಲ.

ಅಂದಮೇಲೆ ನಿಮ್ಮ ಹುಡುಗನಿಗೆ ವೇಗವಿದೆ, ನೋಟ್ಸ್ ಇಲ್ಲ. ಇದು ಒಳ್ಳೆಯ ಸುದ್ದಿ. ಉಲ್ಟಾ ಆಗಿದ್ದರೆ, ಅಂದರೆ ಬೆಳಿಗ್ಗೆ ಹತ್ತಿರ ಇದ್ದು ಮಧ್ಯಾಹ್ನ ಹಿಂದೆ ಬೀಳುತ್ತಿದ್ದರೆ, ನಾನೂ ಭಾವನವರ ಪಕ್ಷ ವಹಿಸುತ್ತಿದ್ದೆನೇನೋ.

ಗದ್ದೆ ಆಟೋಕ್ರಾಸ್ ಮಾತು ಇಲ್ಲೇ ಮುಗಿಸುತ್ತೇನೆ. ಕುಯ್ಲಾದ ಗದ್ದೆಯಲ್ಲಿ ಟ್ರ್ಯಾಕ್ ಪೂರ್ತಿ ಕಣ್ಣಿಗೆ ಕಾಣುತ್ತದೆ, ಸುತ್ತು ಸಣ್ಣದು, ತಪ್ಪಿದರೆ ಹೆಚ್ಚೆಂದರೆ ಬದುವಿಗೆ ಹತ್ತುತ್ತದೆ. ಅಲ್ಲಿ ಗೆಲ್ಲುವವನಿಗೆ ಕಾರಿನ ಮೇಲೆ ಹತೋಟಿ ಇದೆ ಎಂದರ್ಥ. ನೋಟ್ಸ್ ಬರೆಯಲು ಬರುತ್ತದೆಯೇ ಎಂದು ಗದ್ದೆ ಕೇಳುವುದೇ ಇಲ್ಲ. ಅಲ್ಲಿಯ ಕಪ್ ನೋಡಿ ರ್ಯಾಲಿಯಲ್ಲಿ ಮೊದಲ ಮೂರರೊಳಗೆ ನಿರೀಕ್ಷಿಸಿದ್ದು ಭಾವನವರ ತಪ್ಪೇ ಹೊರತು ಹುಡುಗನದ್ದಲ್ಲ. ಎರಡನೇ ಪಾಸ್‌ನ ಅಂಕಿಗಳು ಮಾತ್ರ ಗದ್ದೆಯ ಕಪ್ ಸುಳ್ಳಲ್ಲ ಎನ್ನುತ್ತಿವೆ.

ಟೀಮ್‌ಮೇಟ್ ವಿಷಯಕ್ಕೆ ಬರೋಣ. ಒಂದೇ ಟೀಮು ಎಂದರೆ ಒಂದೇ ಕಾರು ಎಂದು ಟಿವಿಯಲ್ಲಿ ನೋಡಿ ಅಂದುಕೊಳ್ಳುತ್ತೇವೆ. ಕಂಪನಿ ಟೀಮುಗಳಲ್ಲಿ ಅದು ಬಹುಪಾಲು ನಿಜ. ನಮ್ಮಲ್ಲಿ ಚಾಲಕನೇ ದುಡ್ಡು ಕೊಟ್ಟು ಸೀಟು ಹಿಡಿಯುವಾಗ, ಒಂದೇ ಶೆಡ್ಡಿನಿಂದ ಹೊರಬಂದ ಎರಡು ಪೋಲೋಗಳ ನಡುವೆ ಬೇಕಾದಷ್ಟು ವ್ಯತ್ಯಾಸ ಇರಬಹುದು. ಎಂಜಿನ್ ಯಾವಾಗ ಬಿಚ್ಚಿ ಕಟ್ಟಿದ್ದು, ಶಾಕ್ಸ್ ಯಾವುದು, ಗೇರ್‌ಬಾಕ್ಸಿನ ವಯಸ್ಸೆಷ್ಟು. ಎಲ್ಲಕ್ಕಿಂತ ಮುಖ್ಯ, ಒಂದು ರ್ಯಾಲಿಗೆ ಎಷ್ಟು ಹೊಸ ಟೈರು. ಎರಡು ತೋಟದ ಇಳುವರಿ ಹೋಲಿಸುವಾಗ ಹೂಮಳೆ ಯಾರಿಗೆ ಸರಿಯಾಗಿ ಬಿತ್ತು, ಸ್ಪ್ರಿಂಕ್ಲರ್ ಯಾರ ಬಳಿ ಇತ್ತು ಎಂದು ಕೇಳದೆ ಮಾತಾಡುವ ಪ್ಲಾಂಟರ್ ಕೊಡಗಿನಲ್ಲಿ ಸಿಗುವುದಿಲ್ಲ. ಟೈರಿನ ಬಿಲ್ಲು ಕೇಳುವುದೂ ಅಷ್ಟೇ ಸಹಜವಾಗಬೇಕು. ಟೀಮಿನಿಂದ ಇಬ್ಬರ ಟೈರು ಲೆಕ್ಕ ತರಿಸಿಕೊಳ್ಳಿ. ನಿಮ್ಮವನು ಹಳೇ ಸೆಟ್ಟಿನಲ್ಲಿ ಎರಡನೇ ಪಾಸ್ ಓಡಿಸಿದ್ದರೆ ಆ 0.36 ಇನ್ನೂ ಚೆನ್ನಾಗಿ ಕಾಣುತ್ತದೆ.

ಟೀಮ್‌ಮೇಟ್ ಯಾರು ಎಂಬುದೂ ಅಷ್ಟೇ ಮುಖ್ಯ. ಹಾಳೆಯ ಮೂಲೆಯಲ್ಲಿ ನೀವೇ ಪೆನ್ಸಿಲ್‌ನಲ್ಲಿ ಬರೆದಿರುವಂತೆ ಅವರಿಗಿದು ಆರನೇ ಸೀಸನ್. ಈ ರಸ್ತೆಗಳಲ್ಲಿ ಎಷ್ಟೋ ಅವರಿಗೆ ಹಳೆಯವು, ಹೋದ ವರ್ಷಗಳ ನೋಟ್ಸ್ ಪುಸ್ತಕ ಚೀಲದಲ್ಲೇ ಇರುತ್ತದೆ. ಅವರ ಎದುರು ಎರಡನೇ ವರ್ಷದವನು ಎರಡನೇ ಪಾಸ್‌ನಲ್ಲಿ 0.36ಕ್ಕೆ ಬಂದಿದ್ದಾನೆ. ದುರ್ಬಲ ಟೀಮ್‌ಮೇಟ್‌ನನ್ನು ಸೋಲಿಸಿ ಮೂರನೆಯವನಾಗುವುದಕ್ಕಿಂತ ನನಗೆ ಇದು ಹೆಚ್ಚು ಇಷ್ಟ.

ನಮ್ಮ ದೇಶದಲ್ಲಿ ಇದಕ್ಕೆ ಗೌರವ್ ಗಿಲ್ ಅವರ ಉದಾಹರಣೆ ಸಾಕು. ಅವರು 2013ರಲ್ಲಿ ಟೀಮ್ ಎಂಆರ್‌ಎಫ್‌ನ ಸ್ಕೋಡಾದಲ್ಲಿ ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್ ಆದಾಗ ಜೊತೆಯಲ್ಲಿದ್ದವರು ಎಸಾಪೆಕ್ಕಾ ಲಾಪಿ. ಅದೇ ಲಾಪಿ 2017ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಫಿನ್‌ಲ್ಯಾಂಡ್ ರ್ಯಾಲಿ ಗೆದ್ದರು. 2014ರಲ್ಲಿ ಟೀಮ್‌ಮೇಟ್ ಆಗಿ ಬಂದ ಯಾನ್ ಕೊಪೆಟ್ಸ್ಕಿ ಪ್ರಶಸ್ತಿ ಎತ್ತಿಕೊಂಡು ಹೋದರು. 2017ರಲ್ಲಿ ಗಿಲ್ ಟೀಮ್‌ಮೇಟ್ ಓಲೆ ಕ್ರಿಸ್ಟಿಯನ್ ವೈಬಿ ಅವರನ್ನು ಹಿಂದಿಕ್ಕಿ ಮತ್ತೆ ಚಾಂಪಿಯನ್. ಗಿಲ್ ಎಷ್ಟು ದೊಡ್ಡ ಚಾಲಕ ಎಂದು ಕೇಳಿದರೆ ನಾನು ಕಪ್‌ಗಳನ್ನು ಎಣಿಸುವುದಿಲ್ಲ, ಈ ಮೂರು ಹೆಸರು ಹೇಳುತ್ತೇನೆ. 2014ರಲ್ಲಿ ಕೊಪೆಟ್ಸ್ಕಿ ಎದುರು ಸೋತದ್ದು ಕೂಡ ನನ್ನ ಲೆಕ್ಕದಲ್ಲಿ ಅವರ ಬೆಲೆ ಇಳಿಸುವ ಸೋಲಲ್ಲ.

ಕಾರನ್ನು ಮರೆತು ಸ್ಥಾನ ನೋಡಿದರೆ ಎಂಥ ಎಡವಟ್ಟಾಗುತ್ತದೆ ಎಂಬುದಕ್ಕೆ ಸೆಬಾಸ್ಟಿಯನ್ ಓಜಿಯೆ ಇದ್ದಾರೆ. 2011ರಲ್ಲಿ ಸಿಟ್ರೊಯೆನ್‌ನಲ್ಲಿ ಟೀಮ್‌ಮೇಟ್ ಸೆಬಾಸ್ಟಿಯನ್ ಲೋಬ್ ಐದು ರ್ಯಾಲಿ ಗೆದ್ದರು, ಓಜಿಯೆಯೂ ಐದು. ಲೋಬ್ ಚಾಂಪಿಯನ್, ಓಜಿಯೆ ಮೂರನೆಯವರು. ಮರುವರ್ಷ ಓಜಿಯೆ ಫೋಕ್ಸ್‌ವ್ಯಾಗನ್ ಸೇರಿದರು. ಹೊಸ ಕಾರು ಇನ್ನೂ ತಯಾರಾಗುತ್ತಿತ್ತು, ಅಲ್ಲಿಯವರೆಗೆ ಟರ್ಬೊ ಇಲ್ಲದ ಸ್ಕೋಡಾ ಫಾಬಿಯಾ ಎಸ್2000 ಓಡಿಸಿದರು. ಇಡೀ ಸೀಸನ್‌ನಲ್ಲಿ ಒಂದೂ ಪೋಡಿಯಂ ಇಲ್ಲ. 2013ರಲ್ಲಿ ಪೋಲೋ ಕೈಗೆ ಬಂತು, ಒಂಬತ್ತು ರ್ಯಾಲಿ ಗೆದ್ದು ಚಾಂಪಿಯನ್ ಆದರು. 2012ರ ಪಟ್ಟಿ ಮಾತ್ರ ನೋಡಿದವರು ಅವರ ಕಥೆ ಮುಗಿಯಿತು ಎಂದುಕೊಂಡಿರಬೇಕು. (ನಿಮ್ಮ ಹುಡುಗನದ್ದೂ ಪೋಲೋ ಎಂದು ಅಕ್ಕನವರಿಗೆ ಖುಷಿಯಾದೀತು. ಹೆಸರೊಂದನ್ನು ಬಿಟ್ಟರೆ ಎರಡಕ್ಕೂ ದೂರದ ಸಂಬಂಧವಷ್ಟೇ.)

ರಸ್ತೆಯ ಸರದಿ ಬಗ್ಗೆ ಎರಡು ಮಾತು. ಒಣಗಿದ ಜಲ್ಲಿ ರಸ್ತೆಯಲ್ಲಿ ಮೊದಲು ಹೋಗುವವನು ಸಡಿಲ ಜಲ್ಲಿಯಲ್ಲಿ ಜಾರುತ್ತಾ ಹಿಂದಿನವರಿಗಾಗಿ ಕಸ ಗುಡಿಸುತ್ತಾನೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೊದಲ ದಿನ ಪಟ್ಟಿಯ ಅಗ್ರಸ್ಥಾನದವರು ಮೊದಲು ಹೊರಟು ಅನುಭವಿಸುವುದು ಇದನ್ನೇ. ನಮ್ಮ ಕೆಂಪು ಮಣ್ಣಿನಲ್ಲಿ ಸ್ವಲ್ಪ ಹೊತ್ತಾದ ಮೇಲೆ ಲೆಕ್ಕ ತಿರುಗುತ್ತದೆ: ಗಾಲಿಯ ಜಾಡು ಆಳವಾಗಿ, ಹಿಂದೆ ಬರುವ ಸಣ್ಣ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ. ಮಳೆ ಬಂದರಂತೂ ಮಾತೇ ಬೇಡ. ಮರದ ನೆರಳಿನಲ್ಲಿ ಗಾಳಿಯಾಡದೆ ಧೂಳು ಹಾಗೇ ನಿಲ್ಲುವುದೂ ಉಂಟು. ಆದರೆ ನಿಮ್ಮವನು ಮತ್ತು ಟೀಮ್‌ಮೇಟ್ ಹೆಚ್ಚಿನ ರ್ಯಾಲಿಗಳಲ್ಲಿ ಮೂರು ನಾಲ್ಕು ಕಾರುಗಳ ಅಂತರದಲ್ಲೇ ಹೊರಟಿದ್ದಾರೆ. ಈ ನೆಪ ಇಲ್ಲಿ ಹೆಚ್ಚು ಕೆಲಸಕ್ಕೆ ಬಾರದು.

ಈಗ ಅಕ್ಕನವರ ಗ್ರಹಚಾರ. ಅರ್ಧಕ್ಕೆ ನಿಂತ ಎರಡೂ ರ್ಯಾಲಿಯನ್ನು ಅವರು ಒಂದೇ ಖಾತೆಗೆ ಹಾಕಿದ್ದಾರೆ. ಗೇರ್‌ಬಾಕ್ಸ್ ಸದ್ಯಕ್ಕೆ ಟೀಮಿನ ಖಾತೆಗೆ ಹೋಗಲಿ. ಬಿಚ್ಚಿದಾಗ ಒಳಗೆ ಏನು ಮುರಿದಿತ್ತು ಎಂದು ಮೆಕ್ಯಾನಿಕ್‌ನನ್ನು ಕೇಳಿ: ಬೇರಿಂಗ್ ಹೋಗಿದ್ದರೆ ಒಂದು ಮಾತು, ಕೆಳಗಿನ ಗೇರಿಗೆ ಅವಸರದಲ್ಲಿ ಎಳೆದೆಳೆದು ಹಲ್ಲು ಉದುರಿದ್ದರೆ ಇನ್ನೊಂದು ಮಾತು. ಚರಂಡಿಗೆ ಬಿದ್ದದ್ದು ಅವನದ್ದೇ. ಅದೂ ಮೊದಲ ಪಾಸ್‌ನಲ್ಲಿ, ಸ್ಟೇಜಿನ ಮೂರನೇ ಕಿಲೋಮೀಟರ್‌ನಲ್ಲಿ, ಬಲಕ್ಕೆ ಬಿಗಿಯಾಗುತ್ತಾ ಹೋಗುವ ತಿರುವಿನಲ್ಲಿ ಎಂದು ಬರೆದಿದ್ದೀರಿ. ಬಿಗಿಯಾಗುತ್ತದೆ ಎಂದು ನೋಟ್ಸ್‌ನಲ್ಲಿ ಇತ್ತೇ? ಇದ್ದರೆ ಪಕ್ಕದವರು ಹೊತ್ತಿಗೆ ಸರಿಯಾಗಿ ಓದಿದರೇ? ಮೊದಲ ಪಾಸ್‌ನ ಆ 13 ಸೆಕೆಂಡೂ ಈ ಚರಂಡಿಯೂ ಒಂದೇ ಕಡೆಯಿಂದ ಬಂದಿವೆ ಎಂಬುದು ನನ್ನ ಬಲವಾದ ಗುಮಾನಿ. ಪಂಕ್ಚರ್‌ಗಳನ್ನೂ ಜನ ಅದೃಷ್ಟದ ತಲೆಗೆ ಕಟ್ಟುತ್ತಾರೆ. ಒಳತಿರುವು ಕತ್ತರಿಸಿ ಕಲ್ಲಿಗೆ ಟೈರು ಕೊಟ್ಟವನಿಗೆ ಅದೃಷ್ಟ ಏನು ಮಾಡೀತು?

ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ್ದು ಕೊನೆಯ ರ್ಯಾಲಿ. ಮನೆಯವರಿಗೆ ಅದೇ ಅತಿ ಒಳ್ಳೆಯ ರ್ಯಾಲಿ, ಏಕೆಂದರೆ ಸೀಸನ್‌ನಲ್ಲೇ ಮೇಲಿನ ಸ್ಥಾನ ಸಿಕ್ಕಿದ್ದು ಅಲ್ಲಿ. ಆದರೆ ಅಂಕಿ ನೋಡಿ: 9 ಕಿ.ಮೀ. ಸ್ಟೇಜಿನಲ್ಲಿ ಮೊದಲು 8 ಸೆಕೆಂಡ್ ಹಿಂದೆ, ಎರಡನೇ ಪಾಸ್‌ನಲ್ಲಿ 7. ವರ್ಷವಿಡೀ ಮಧ್ಯಾಹ್ನ ಚೇತರಿಸಿಕೊಳ್ಳುತ್ತಿದ್ದವನು ಇಲ್ಲಿ ಚೇತರಿಸಿಕೊಂಡಿಲ್ಲ. ಮುಂದಿದ್ದವರು ಇಬ್ಬರು ನಿಂತುಹೋದದ್ದರಿಂದ ಸ್ಥಾನ ಮೇಲೆ ಬಂದಿದೆ. ಇದು ಚರಂಡಿಯ ನಂತರದ ಮೊದಲ ರ್ಯಾಲಿ. ಕಾರು ಉಳಿಸಿಕೊಂಡು ಬಾ ಎಂದು ಮನೆಯಲ್ಲಿ ಹೇಳಿದ್ದಿರಬಹುದು, ಅವನೇ ತೀರ್ಮಾನಿಸಿದ್ದಿರಬಹುದು. ಹಾಗಾದರೆ ಸರಿ. ಒತ್ತಿ ಓಡಿಸಿಯೂ ಇಷ್ಟೇ ಬಂದಿದ್ದರೆ ಬೇರೆ ಮಾತು. ಅವನನ್ನು ಕೂರಿಸಿಕೊಂಡು ಕೇಳಿ, ಆದರೆ ಭಾವನವರ ಎದುರಿಗೆ ಬೇಡ. ಅಪ್ಪನ ಮುಂದೆ ಯಾವ ಹುಡುಗನೂ ಹೆದರಿದ್ದೆ ಎಂದು ಹೇಳುವುದಿಲ್ಲ.

ಮುಂದಿನ ಸೀಸನ್ ಓಡಿಸುವುದಾದರೆ ಎಂಜಿನ್ನಿಗೆ ಇನ್ನೊಂದು ಪೈಸೆ ಹಾಕಬೇಡಿ. ಆ ದುಡ್ಡಿನಲ್ಲಿ ಅನುಭವಿ ನ್ಯಾವಿಗೇಟರ್ ಒಬ್ಬರನ್ನು ಹುಡುಕಿ. ಕಾಸರಗೋಡಿನ ಮೂಸಾ ಶರೀಫ್ ಅವರಂಥವರು ಪಕ್ಕದಲ್ಲಿ ಕೂತರೆ ಚಾಲಕ ಏನು ಕಲಿಯುತ್ತಾನೆ ಎಂಬುದು ಈ ಕ್ಷೇತ್ರದವರಿಗೆಲ್ಲ ಗೊತ್ತು. ಅಂಥವರೇ ಸಿಗಬೇಕೆಂದಿಲ್ಲ, ನೋಟ್ಸ್ ತಿದ್ದಿಸುವ ತಾಳ್ಮೆ ಇರುವ ಯಾರಾದರೂ ಆದೀತು. ಸೀಸನ್ ಇಲ್ಲದ ತಿಂಗಳುಗಳಲ್ಲಿ ನಿಮ್ಮದೇ ತೋಟದ ಜೀಪು ರಸ್ತೆಗಳಲ್ಲಿ ಅವನು ನಿಧಾನವಾಗಿ ಹೋಗುತ್ತಾ ನೋಟ್ಸ್ ಹೇಳಲಿ, ಒಬ್ಬರು ಬರೆಯಲಿ, ವಾರ ಬಿಟ್ಟು ಅದೇ ರಸ್ತೆಗೆ ಹಳೆಯದನ್ನು ನೋಡದೆ ಹೊಸದಾಗಿ ಬರೆಯಲಿ. ಎರಡೂ ಪುಸ್ತಕ ತಾಳೆಯಾಗದ ತಿರುವುಗಳೇ ಅವನ ಪಾಠ. ಇದಕ್ಕೆ ವೇಗ ಬೇಡ, ರ್ಯಾಲಿ ಕಾರೂ ಬೇಡ. ಕೆಲಸದವರು ಓಡಾಡದ ಹೊತ್ತು ನೋಡಿಕೊಂಡರೆ ಸಾಕು.

ನಿರೀಕ್ಷೆಯನ್ನು ಈ ಸಲ ಸೀಸನ್ನಿಗೆ ಮೊದಲೇ ಬರೆದಿಡಿ, ಸ್ಥಾನದಲ್ಲಿ ಬೇಡ, ಸೆಕೆಂಡಿನಲ್ಲಿ. ಅದೇ ಟೀಮ್‌ಮೇಟ್ ಇದ್ದರೆ ಮೊದಲ ಪಾಸ್‌ನ ಅಂತರ 0.9ರಿಂದ 0.6ಕ್ಕೆ ಇಳಿಯಬೇಕು, ಎರಡನೇ ಪಾಸ್‌ನದು 0.36ಕ್ಕಿಂತ ಮೇಲೆ ಹೋಗಬಾರದು ಎನ್ನಿ. ಮೊದಲ ಎರಡು ರ್ಯಾಲಿಯಲ್ಲಿ ಹೀಗಾಗದಿದ್ದರೆ ಉಳಿದವುಗಳ ಎಂಟ್ರಿ ಫೀ ಕಟ್ಟುವ ಮುಂಚೆ ಭಾವ ಅನುಮಾನಿಸಿದರೆ ನಾನು ತಪ್ಪು ಹೇಳುವುದಿಲ್ಲ.

ಈ ವರ್ಷದ ಐದನೇ ಸ್ಥಾನದ ಬಗ್ಗೆ ನನ್ನ ತೀರ್ಪು: ಗೇರ್‌ಬಾಕ್ಸ್ ಹೋಗದಿದ್ದರೆ ನಾಲ್ಕನೆಯವನಾಗುತ್ತಿದ್ದ, ಹೆಚ್ಚೇನೂ ಇಲ್ಲ. ನೋಟ್ಸ್ ಸರಿಯಿದ್ದಿದ್ದರೆ ಮೂರನೇ ಸ್ಥಾನಕ್ಕೆ ಜಗಳವಾಡುತ್ತಿದ್ದ. ಮೂರನೇ ರ್ಯಾಲಿಯ ಎರಡನೇ ದಿನದ ಹಾಳೆ ನೀವು ಕಳಿಸಿದ್ದರಲ್ಲಿ ಇಲ್ಲ, ಸಿಕ್ಕರೆ ಟೈರು ಲೆಕ್ಕದ ಜೊತೆ ಕಳಿಸಿ. ಆ ದಿನ ಮಳೆ ಬಂದಿತ್ತು ಎಂದಿದ್ದೀರಿ. ಒದ್ದೆ ರಸ್ತೆಯಲ್ಲಿ ಅವನ ಮೊದಲ ಪಾಸ್ ಹೇಗಿತ್ತು ಎಂದು ನೋಡಬೇಕು.